ತೂಕ ಇಳಿಸಲು ಕ್ಯಾಲೊರಿ ಲೆಕ್ಕ ಮುಖ್ಯವೋ, ಆಹಾರದ ಗುಣಮಟ್ಟವೋ?

ತೂಕ ಇಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಒಟ್ಟು ಕ್ಯಾಲೊರಿ. ಆ ಮಿತಿಯೊಳಗೆ ಹಸಿವಿನ ಕಾಟವಿಲ್ಲದೆ ತಿಂಗಳುಗಟ್ಟಲೆ ಇರಲು ಸಾಧ್ಯವೇ ಎಂಬುದು ಆಹಾರದ ಗುಣಮಟ್ಟಕ್ಕೆ ಬಿಟ್ಟದ್ದು.

ಹೊಟ್ಟೆ ತುಂಬಿದ ಭಾವ ಕೊಡುವುದು ಮುಖ್ಯವಾಗಿ ಪ್ರೋಟೀನ್, ನಾರು ಮತ್ತು ನೀರಿನಂಶ. ಹುರುಳಿ ಸಾರು, ಬಸಳೆ, ಬಂಗುಡೆ ಮೀನಿನಲ್ಲಿ ಇವುಗಳಲ್ಲಿ ಒಂದಾದರೂ ಧಾರಾಳ. ಸಂಜೆಯ ಗೋಳಿಬಜೆ, ಬನ್ಸ್ ಮೈದಾ ಮತ್ತು ಕರಿದ ಎಣ್ಣೆಯವು. ನಾಲ್ಕೇ ತುತ್ತಿಗೆ ಮುಗಿಯುತ್ತವೆ, ರಾತ್ರಿಯ ಊಟವೇನೂ ಕಡಿಮೆಯಾಗುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ 20 ಮಂದಿಗೆ ಬೇಕಾದಷ್ಟು ತಿನ್ನಲು ಬಿಟ್ಟು ನಡೆಸಿದ ಪ್ರಯೋಗದಲ್ಲಿ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ ಕೊಟ್ಟಾಗ ಅವರು, ಸಂಸ್ಕರಿಸದ ಆಹಾರ ಕೊಟ್ಟಾಗ ತಿಂದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು.

ಹಾಗೆಂದು ಮನೆಯೂಟವಾದರೆ ಲೆಕ್ಕವೇ ಬೇಡ ಎನ್ನುವುದು ತಪ್ಪು. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಒಂದು ದೊಡ್ಡ ಚಮಚ (15 ಮಿ.ಲೀ.) ತೆಂಗಿನೆಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ಅದೇ ಬಂಗುಡೆಯನ್ನು ಪುಳಿಮುಂಚಿ (ಹುಳಿ-ಖಾರದ ಸಾರು) ಮಾಡಿದರೆ ಒಂದು ಲೆಕ್ಕ, ಎಣ್ಣೆಯಲ್ಲಿ ರವಾ ಫ್ರೈ ಮಾಡಿದರೆ ಇನ್ನೊಂದು. ಗಸಿಗೆ ಅರೆದ ತೆಂಗಿನಕಾಯಿಯೂ ಲೆಕ್ಕಕ್ಕೆ ಸೇರಬೇಕು.

ಎರಡು ವಾರ ಮಾತ್ರ ಅಳೆಯಿರಿ. ಕುಚ್ಚಲಕ್ಕಿಯನ್ನು ಬೇಯಿಸುವ ಮೊದಲೇ ತೂಗಿ. ಅನ್ನ ಹೀರುವ ನೀರು ಪ್ರತಿದಿನ ಒಂದೇ ಸಮ ಇರುವುದಿಲ್ಲ. 50 ಗ್ರಾಂ ಅಕ್ಕಿಗೆ ಸುಮಾರು 175 ಕ್ಯಾಲೊರಿ. ಎಣ್ಣೆಯನ್ನು ಬಾಟಲಿಯಿಂದ ನೇರ ಸುರಿಯದೆ ಚಮಚದಲ್ಲೇ ಹಾಕಿ. ಆಮೇಲೆ ಕಣ್ಣಂದಾಜು ಸಾಕಾಗುತ್ತದೆ. ದಿನದ ತೂಕ ಉಪ್ಪು, ನೀರಿನಿಂದ ಏರಿಳಿಯುವುದರಿಂದ ವಾರದ ಸರಾಸರಿ ನೋಡಿ. ಮೂರು ವಾರವಾದರೂ ಅದು ಇಳಿಯದಿದ್ದರೆ ಮೊದಲು ಎಣ್ಣೆ, ಕಾಯಿ, ಅನ್ನ ತಗ್ಗಿಸಿ. ಮೀನು, ಬೇಳೆ, ತರಕಾರಿ ಹಾಗೆಯೇ ಇರಲಿ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ತಗ್ಗಿಸುವ ಮೊದಲು ವೈದ್ಯರನ್ನು ಕೇಳಲೇಬೇಕು, ಸಕ್ಕರೆ ಅಂಶ ತೀರಾ ಕುಸಿಯಬಹುದು.