ಓದುಗರ ಪ್ರಶ್ನೆ: ಮೆದುಳಿನ ಗೆಡ್ಡೆಗೆ ಲಸಿಕೆ ಬಂದಿದೆಯೇ?

ಪ್ರಶ್ನೆ: ಮಾನ್ಯರೇ, ನನ್ನ ಭಾವನವರಿಗೆ 54 ವರ್ಷ. ಮಲ್ಪೆ ಬಂದರಿನಲ್ಲಿ ಮೀನು ಹರಾಜಿನ ಲೆಕ್ಕ ಬರೆಯುತ್ತಿದ್ದವರು, ಒಂದು ದಿನ ಬೆಳಿಗ್ಗೆ ತಮಗೆ ಬಾಯಿಪಾಠವಾಗಿದ್ದ ಬೋಟುಗಳ ಹೆಸರನ್ನೇ ತಪ್ಪಾಗಿ ಹೇಳತೊಡಗಿದರು. ಶಸ್ತ್ರಚಿಕಿತ್ಸೆಯಾಗಿ 18 ದಿನಗಳಾದವು. ವರದಿಯಲ್ಲಿ ‘ಗ್ಲಯೋಬ್ಲಾಸ್ಟೋಮಾ, ದರ್ಜೆ 4’ ಎಂದಿದೆ. ಇನ್ನು ಆರು ವಾರ ಕರೆಂಟ್ ಕೊಡಬೇಕು, ಜೊತೆಗೆ ಮಾತ್ರೆ ಇದೆ ಎಂದಿದ್ದಾರೆ. ಅಷ್ಟರಲ್ಲಿ ದುಬೈಯಲ್ಲಿರುವ ಅವರ ಅಳಿಯ ವಾಟ್ಸಾಪಿನಲ್ಲಿ ಒಂದು ಸುದ್ದಿ ಕಳುಹಿಸಿದ್ದಾರೆ: ಅಮೆರಿಕದ ಜೈವಿಕ ತಂತ್ರಜ್ಞಾನ ಕಂಪನಿಯೊಂದು ರೋಗಿಯ ಗೆಡ್ಡೆಯಿಂದಲೇ ಇಮ್ಯುನೊಥೆರಪಿ ಲಸಿಕೆ ತಯಾರಿಸುತ್ತಿದೆಯಂತೆ. ಕರೆಂಟ್ ಮುಂದೂಡಿ ಅದಕ್ಕಾಗಿ ಕಾಯಬಹುದೇ?
– ಉಡುಪಿಯ ಓದುಗರೊಬ್ಬರು

ಉತ್ತರ: ಕಾಯಬೇಡಿ. ಸಂಚಿಕೆ ಅಚ್ಚಾಗಿ ಕೈಸೇರುವಷ್ಟರಲ್ಲಿ ದಿನಗಳು ಉರುಳಿರುತ್ತವೆಯೆಂದು ಈ ಒಂದು ಮಾತನ್ನು ನಿಮಗೆ ಫೋನಿನಲ್ಲಿ ಆಗಲೇ ತಿಳಿಸಿದ್ದೇನೆ. ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ಲಯೋಬ್ಲಾಸ್ಟೋಮಾ ಎಂಬುದು ಮೆದುಳಿನಲ್ಲೇ ಹುಟ್ಟಿ ಬೇಗ ಬೆಳೆಯುವ ಕ್ಯಾನ್ಸರ್. ಶಸ್ತ್ರಚಿಕಿತ್ಸಕರು ಕಣ್ಣಿಗೆ ಕಾಣುವ ಗೆಡ್ಡೆಯನ್ನೆಲ್ಲ ತೆಗೆದರೂ ಇದರ ಜೀವಕೋಶಗಳು ಗದ್ದೆಯ ಬದುವಿನಲ್ಲಿ ಗರಿಕೆಯ ಬೇರು ಹರಿದಂತೆ ಸುತ್ತಲಿನ ಒಳ್ಳೆಯ ಮೆದುಳಿನೊಳಕ್ಕೆ ಹರಿದಿರುತ್ತವೆ. ನಮ್ಮ ಕಡೆ ಕರೆಂಟ್ ಎಂದು ಕರೆಯುವ ವಿಕಿರಣ ಚಿಕಿತ್ಸೆ ಇರುವುದು ಆ ಉಳಿದ ಬೇರುಗಳಿಗಾಗಿ. ವಿಕಿರಣದ ಜೊತೆಗೆ ಟೆಮೊಜೊಲೊಮೈಡ್ ಎಂಬ ಕಿಮೊಥೆರಪಿ ಮಾತ್ರೆ ಕೊಡುವ ಕ್ರಮ ಎಲ್ಲೆಡೆ ಜಾರಿಗೆ ಬಂದದ್ದು 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಿಂದ. ಅದರಲ್ಲಿ ವಿಕಿರಣವನ್ನಷ್ಟೇ ಪಡೆದವರ ಪೈಕಿ ಎರಡು ವರ್ಷ ದಾಟಿದವರು ನೂರಕ್ಕೆ ಸುಮಾರು 10 ಮಂದಿ, ಮಾತ್ರೆಯನ್ನೂ ಪಡೆದವರ ಪೈಕಿ ಸುಮಾರು 26 ಮಂದಿ. ಇದು ದೊಡ್ಡ ಗೆಲುವೇನಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕೈಯಲ್ಲಿರುವ ಸಾಧನ ಅದೇ, ಮತ್ತು ಸಾಮಾನ್ಯವಾಗಿ ಗಾಯ ಮಾಗಿದ ಕೂಡಲೇ, ಕೆಲವೇ ವಾರಗಳೊಳಗೆ ಅದನ್ನು ಆರಂಭಿಸಬೇಕಾಗುತ್ತದೆ.

ಇನ್ನು ಲಸಿಕೆಯ ವಿಷಯ. ಇದು ರೋಗ ಬರದಂತೆ ತಡೆಯುವ ಲಸಿಕೆಯಲ್ಲ. ಬಂದಿರುವ ಗೆಡ್ಡೆಯ ಗುರುತನ್ನು ದೇಹದ ರೋಗನಿರೋಧಕ ಜೀವಕೋಶಗಳಿಗೆ ಪರಿಚಯಿಸುವ ಪ್ರಯತ್ನ. ರೋಗಿಯ ರಕ್ತದಿಂದ ಬಿಳಿಯ ಕಣಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಡೆಂಡ್ರೈಟಿಕ್ ಜೀವಕೋಶಗಳನ್ನಾಗಿ (ಶತ್ರುವಿನ ಗುರುತನ್ನು ಉಳಿದ ರಕ್ಷಕ ಜೀವಕೋಶಗಳಿಗೆ ತೋರಿಸಿಕೊಡುವಂಥವು) ಬೆಳೆಸಿ, ಅವಕ್ಕೆ ಅದೇ ರೋಗಿಯ ಗೆಡ್ಡೆಯ ಅಂಶವನ್ನು ಉಣಿಸಿ, ಮರಳಿ ಚರ್ಮದೊಳಗೆ ಚುಚ್ಚುತ್ತಾರೆ. ಇಲ್ಲಿ ಒಂದು ತೊಡಕಿದೆ. ಇಂಥ ಲಸಿಕೆಗೆ ಬೇಕಾಗುವುದು ಆಪರೇಶನ್ ಕೋಣೆಯಿಂದಲೇ ನೇರವಾಗಿ ಪಡೆದು ಶೈತ್ಯೀಕರಿಸಿಟ್ಟ ತಾಜಾ ಗೆಡ್ಡೆ. ನಿಮ್ಮ ಭಾವನವರ ಗೆಡ್ಡೆಯ ತುಣುಕು ಎಲ್ಲರದರಂತೆ ಫಾರ್ಮಾಲಿನ್‌ನಲ್ಲಿ ಅದ್ದಿ, ಮೇಣದಲ್ಲಿ ಹುದುಗಿ, ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟಿನ ಬ್ಲಾಕ್ ಆಗಿ ಪೆಥಾಲಜಿ ವಿಭಾಗದ ಕಪಾಟಿನಲ್ಲಿರುತ್ತದೆ. ಅದರಿಂದ ಲಸಿಕೆಯಾಗದು. ಅಂದರೆ ಈ ದಾರಿ ಹಿಡಿಯುವವರು ಶಸ್ತ್ರಚಿಕಿತ್ಸೆಗೆ ಮೊದಲೇ ಏರ್ಪಾಡು ಮಾಡಿಕೊಂಡಿರಬೇಕು, ಮತ್ತು ಆ ಸಂಗತಿ ಕುಟುಂಬದವರಿಗೆ ತಿಳಿಯುವುದು ಹೆಚ್ಚಾಗಿ ಎಲ್ಲ ಮುಗಿದ ಮೇಲೆಯೇ.

ಹಾಗೆಂದು ಆ ಬ್ಲಾಕ್ ನಿರುಪಯೋಗಿಯಲ್ಲ. ಅದರಲ್ಲಿ ಎಂಜಿಎಂಟಿ, ಐಡಿಎಚ್ ಪರೀಕ್ಷೆಗಳು ಆಗಿವೆಯೇ ಎಂದು ಈ ವಾರವೇ ವಿಚಾರಿಸಿ. ಟೆಮೊಜೊಲೊಮೈಡ್ ಎಷ್ಟರಮಟ್ಟಿಗೆ ಫಲ ಕೊಟ್ಟೀತು ಎಂಬ ಅಂದಾಜಿಗೆ ಮೊದಲನೆಯದು, ಗೆಡ್ಡೆ ಯಾವ ಬಗೆಯದೆಂದು ಖಚಿತಪಡಿಸಲು ಎರಡನೆಯದು ನೆರವಾಗುತ್ತದೆ.

ಕಂಪನಿಗಳ ಪ್ರಕಟಣೆ ಓದುವಾಗ ನಾನು ಮೊದಲು ಹುಡುಕುವುದು ಒಂದೇ ವಾಕ್ಯವನ್ನು: ಲಸಿಕೆ ಪಡೆದವರನ್ನು ಯಾರೊಂದಿಗೆ ಹೋಲಿಸಿದ್ದಾರೆ? ಸೆಲ್‌ಡೆಕ್ಸ್ ಎಂಬ ಕಂಪನಿಯ ರಿಂಡೊಪೆಪಿಮಟ್ ಲಸಿಕೆ ಆರಂಭದ ಸಣ್ಣ ಅಧ್ಯಯನಗಳಲ್ಲಿ ಬಹಳ ಭರವಸೆ ಮೂಡಿಸಿತ್ತು. 745 ಮಂದಿಯ ಮೂರನೇ ಹಂತದ ಪ್ರಯೋಗದಲ್ಲಿ ಲಸಿಕೆ ಪಡೆದವರೂ ಪಡೆಯದವರೂ ಹೆಚ್ಚುಕಡಿಮೆ ಒಂದೇ ಅವಧಿ ಬದುಕಿದರು; 2016ರಲ್ಲಿ ಅದನ್ನು ಕೈಬಿಡಲಾಯಿತು. ಲಸಿಕೆ ಗುರಿಯಿಟ್ಟ ಗುರುತು ಮರಳಿ ಬಂದ ಗೆಡ್ಡೆಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕಾಣಲೇ ಇಲ್ಲ, ಲಸಿಕೆ ಪಡೆಯದವರಲ್ಲಿಯೂ ಹಾಗೆಯೇ ಆಗಿತ್ತು. ನಾರ್ತ್‌ವೆಸ್ಟ್ ಬಯೋಥೆರಪ್ಯೂಟಿಕ್ಸ್ ಕಂಪನಿಯ ಡಿಸಿವ್ಯಾಕ್ಸ್ ಲಸಿಕೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು: ಲಸಿಕೆ ಪಡೆದವರು ಬದುಕಿದ ಅವಧಿ 19.3 ತಿಂಗಳು, ಹೋಲಿಕೆಗೆ ಇಟ್ಟುಕೊಂಡವರದು 16.5 ತಿಂಗಳು. ಆದರೆ ಆ 16.5 ಅದೇ ಪ್ರಯೋಗದ ರೋಗಿಗಳದ್ದಲ್ಲ, ಬೇರೆ ಪ್ರಯೋಗಗಳಿಂದ ಎರವಲು ತಂದದ್ದು. ಮೊದಲ ಉದಾಹರಣೆಯನ್ನು ಕಂಡವರಿಗೆ ಇಂಥ ಹೋಲಿಕೆಯ ಮೇಲೆ ಪೂರ್ಣ ಭಾರ ಹಾಕಲು ಮನಸ್ಸಾಗದು, ನನಗಂತೂ ಆಗುತ್ತಿಲ್ಲ.

ನಿಮ್ಮ ಭಾವನವರಿಗೆ ಮೆದುಳಿನ ಊತ ಇಳಿಸಲು ಡೆಕ್ಸಾಮೆಥಸೋನ್ ಕೊಡುತ್ತಿರಬಹುದು. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬುದು ನಿಜ, ಇಮ್ಯುನೊಥೆರಪಿ ಸೋಲುವುದಕ್ಕೆ ಅದೂ ಒಂದು ಕಾರಣ. ಆದರೆ ಅದನ್ನು ಓದಿಕೊಂಡು ಮನೆಯಲ್ಲಿಯೇ ಮಾತ್ರೆ ನಿಲ್ಲಿಸಿದರೆ ಊತ ಮರಳಿ ರೋಗಿ ಮಂಪರಿಗೆ ಜಾರಬಹುದು.

ಪ್ರಶ್ನೆ: ಮುಂಬೈಯಲ್ಲಿ ಕಾರ್-ಟಿ ಚಿಕಿತ್ಸೆ ನಮ್ಮ ದೇಶದಲ್ಲೇ ಸಿದ್ಧವಾಗಿದೆ ಎಂದು ಓದಿದ್ದೇನೆ. ಅದನ್ನು ಮೆದುಳಿನ ಕ್ಯಾನ್ಸರಿಗೆ ಏಕೆ ಕೊಡುವುದಿಲ್ಲ?
– ಸುರತ್ಕಲ್‌ನ ಓದುಗರೊಬ್ಬರು

ಉತ್ತರ: ನೀವು ಓದಿದ್ದು ಸರಿ. ರೋಗಿಯದೇ ರಕ್ಷಕ ಟಿ-ಜೀವಕೋಶಗಳನ್ನು ತೆಗೆದು, ಕ್ಯಾನ್ಸರಿನ ಗುರುತು ಹಿಡಿಯುವಂತೆ ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಮರಳಿ ಕೊಡುವುದೇ ಕಾರ್-ಟಿ ಚಿಕಿತ್ಸೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಕೆಲಸದಿಂದ ಮೂಡಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಅದು ಬಿ-ಜೀವಕೋಶಗಳೆಂಬ ಒಂದು ಬಗೆಯ ಬಿಳಿಯ ರಕ್ತಕಣಗಳ ಕ್ಯಾನ್ಸರುಗಳಿಗೆ. ಆ ಕ್ಯಾನ್ಸರಿನ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಎಲ್ಲದರ ಮೇಲೂ ಸಿಡಿ19 ಎಂಬ ಗುರುತು ಇರುತ್ತದೆ. ಅದನ್ನು ಗುರಿಯಾಗಿಸಿ ಹೊಡೆಯುವಾಗ ಒಳ್ಳೆಯ ಬಿ-ಜೀವಕೋಶಗಳು ನಾಶವಾದರೂ ರೋಗಿ ತಡೆದುಕೊಳ್ಳಬಲ್ಲ. ಗ್ಲಯೋಬ್ಲಾಸ್ಟೋಮಾದಲ್ಲಿ ಒಂದೇ ಗೆಡ್ಡೆಯ ಪಕ್ಕಪಕ್ಕದ ಜೀವಕೋಶಗಳೇ ಬೇರೆ ಬೇರೆ ಗುರುತು ಹೊತ್ತಿರುತ್ತವೆ, ಮತ್ತು ತಪ್ಪಿ ಪಕ್ಕಕ್ಕೆ ಬಿದ್ದ ಏಟು ಬೀಳುವುದು ಮಾತು, ನೆನಪು, ಕೈಕಾಲಿನ ಚಲನೆಯ ಮೇಲೆ.

ಪ್ರಯತ್ನಗಳಂತೂ ನಡೆದಿವೆ. 2024ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಾಸ್ಟನ್‌ನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯವರು ಎರಡು ಗುರುತುಗಳನ್ನು ಒಟ್ಟಿಗೆ ಗುರಿಯಾಗಿಸುವ ಕಾರ್-ಟಿ ಕಣಗಳನ್ನು ನೇರವಾಗಿ ಮೆದುಳಿನ ದ್ರವದೊಳಕ್ಕೇ ಬಿಟ್ಟರು. ಮೂವರು ರೋಗಿಗಳ ಪೈಕಿ ಒಬ್ಬರ ಗೆಡ್ಡೆ ಐದೇ ದಿನಗಳಲ್ಲಿ ಸ್ಕ್ಯಾನಿನಲ್ಲಿ ಬಹುತೇಕ ಕಾಣದಂತಾಯಿತು. ಆ ಚಿತ್ರವನ್ನು ಕಂಡಾಗ ನಾನೂ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದೆ. ಆದರೆ ಅದು ಹೆಚ್ಚು ಕಾಲ ನಿಲ್ಲಲಿಲ್ಲ, ಗೆಡ್ಡೆ ಮರಳಿತು. ಜಪಾನಿನಲ್ಲಿ 2021ರಲ್ಲಿ, ಮಾರ್ಪಡಿಸಿದ ಹರ್ಪಿಸ್ ವೈರಾಣುವನ್ನು ಗೆಡ್ಡೆಗೆ ಚುಚ್ಚುವ ಚಿಕಿತ್ಸೆಗೆ ಷರತ್ತಿನ ಅನುಮತಿ ನೀಡಿದ್ದಾರೆ.

ಪ್ರಶ್ನೆ: ನನ್ನ ಚಿಕ್ಕಮ್ಮನಿಗೆ ಇದೇ ಕಾಯಿಲೆ. ವಿದೇಶಿ ಕಂಪನಿಯ ಪ್ರತಿನಿಧಿ ಎನ್ನುವವರೊಬ್ಬರು ಭಾರತದಲ್ಲೇ ನಡೆಯುವ ‘ಪ್ರಯೋಗ’ಕ್ಕೆ ಸೇರಿಸಲು 12 ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದೇ?
– ಮಂಗಳೂರಿನ ಓದುಗರೊಬ್ಬರು

ಉತ್ತರ: ಕೊಡಬೇಡಿ, ಚಿನ್ನ ಅಡವಿಟ್ಟಂತೂ ಬೇಡ. ನಮ್ಮಲ್ಲಿ ಹೊಸ ಔಷಧಿಯ ಪ್ರಯೋಗವನ್ನು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ, ಮತ್ತು ಸಂಶೋಧನೆಯ ಭಾಗವಾದ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯಬಾರದೆಂಬುದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ. ಅವರಲ್ಲಿ ಸಿಟಿಆರ್‌ಐ ಸಂಖ್ಯೆ, ನೈತಿಕ ಸಮಿತಿಯ ಅನುಮತಿ, ಒಪ್ಪಿಗೆ ಪತ್ರದ ಕನ್ನಡ ಪ್ರತಿ ಈ ಮೂರನ್ನು ಕೇಳಿ. ಸಂಖ್ಯೆ ಕೊಟ್ಟರೆ ಚಿಕ್ಕಮ್ಮನವರನ್ನು ನೋಡುತ್ತಿರುವ ವೈದ್ಯರಿಗೆ ತೋರಿಸಿ. ನನಗೆ ಕಳುಹಿಸಿದರೂ ಓದಿ ಹೇಳುತ್ತೇನೆ. ಕಳುಹಿಸುವಾಗ ರೋಗಿಯ ಹೆಸರು ಮತ್ತು ಆಸ್ಪತ್ರೆಯ ಚೀಟಿ ಸಂಖ್ಯೆ ಕಾಣದಂತೆ ಬೆರಳಿಟ್ಟು ಮುಚ್ಚಿ ಫೋಟೊ ತೆಗೆಯಿರಿ.