ಬೀಗ ಬಿದ್ದ ಮೈದಾನಕ್ಕೆ ಅಷ್ಟು ದುಡ್ಡು ಯಾಕೆ ಎಂದವರಿಗೆ

ಓದುಗರ ಪತ್ರ: ನಾವು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ನೆಲೆಸಿರುವ ಕನ್ನಡಿಗರು. ಮನೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಕೇಸ್‌ಮೆಂಟ್ ಪಾರ್ಕ್ ಎಂಬ ಗೇಲಿಕ್ ಆಟಗಳ, ಅಂದರೆ ಐರಿಷರ ದೇಸಿ ಆಟಗಳ, ಮೈದಾನವಿದೆ. 2013ರಿಂದ ಬೀಗ. ಅದನ್ನು ಮತ್ತೆ ಕಟ್ಟಲು ಕೋಟಿಗಟ್ಟಲೆ ಪೌಂಡ್ ಬೇಕೆಂದು ದಿನಾ ಚರ್ಚೆ. ಆ ದುಡ್ಡನ್ನು ಆಸ್ಪತ್ರೆಗಳಿಗೆ ಕೊಡಬಾರದೇ? ಊರಲ್ಲಿ ಫುಟ್ಬಾಲ್ ಸ್ಟೇಡಿಯಂ ಇದೆ, ರಗ್ಬಿ ಸ್ಟೇಡಿಯಂ ಇದೆ, ಹಂಚಿಕೊಂಡು ಆಡಬಾರದೇ? ನನ್ನ ಮಗ ಶಾಲೆಯ ಗೆಳೆಯರ ಜೊತೆ ಹರ್ಲಿಂಗ್ ಎಂಬ ಕೋಲು-ಚೆಂಡಿನ ಆಟ ಕಲಿಯುತ್ತೇನೆ ಎನ್ನುತ್ತಿದ್ದಾನೆ. ಆ ಕೋಲು ನೋಡಿದರೆ ನನಗೆ ಭಯ. ಕೊನೆಗೂ ಇದು ಬರೀ ಆಟ ತಾನೇ?

ಸಂಪಾದಕರ ಉತ್ತರ: ಅಷ್ಟು ದೂರದಲ್ಲಿ ಕೂತು ನಮ್ಮ ಪತ್ರಿಕೆ ಓದುತ್ತೀರಿ, ಅಲ್ಲಿನ ಬೀದಿಯ ಸುದ್ದಿಯನ್ನು ಕನ್ನಡದಲ್ಲಿ ಬರೆದು ಕಳಿಸುತ್ತೀರಿ. ನಿಮ್ಮಂಥ ಓದುಗರು ಸಿಕ್ಕಿದ್ದು ನನ್ನ ಪುಣ್ಯ. ಆದರೆ 'ಬರೀ ಆಟ ತಾನೇ' ಎಂಬ ಆ ಕೊನೆಯ ಸಾಲನ್ನು ಬಿಟ್ಟುಬಿಡಲು ನನ್ನಿಂದಾಗುತ್ತಿಲ್ಲ.

ಆಸ್ಪತ್ರೆಯ ಮಾತನ್ನು ಒಪ್ಪಿದೆ. ಸರ್ಕಾರದ ಬೊಕ್ಕಸಕ್ಕೆ ಮಿತಿ ಇದೆ, ರೋಗಿಯ ಮುಂದೆ ಆಟಗಾರ ಹಿಂದೆ ಸರಿಯಬೇಕು. ಒಂದು ಸಣ್ಣ ಅನುಮಾನ ಮಾತ್ರ ಇದೆ: ಮೈದಾನಕ್ಕೆ ಕೊಡದೆ ಉಳಿಸಿದ ಹಣ ನೇರವಾಗಿ ಆಸ್ಪತ್ರೆಗೆ ಹೋದದ್ದನ್ನು ನಾನು ಯಾವ ಊರಿನಲ್ಲೂ ಕಂಡಿಲ್ಲ. ಅದಿರಲಿ.

ಇದು ಎಂಥವರ ಆಟ ನೋಡಿ. 1884ರ ನವೆಂಬರ್ 1ರಂದು ಟಿಪ್ಪರರಿಯ ಥರ್ಲಸ್ ಎಂಬ ಪೇಟೆಯ ಹೋಟೆಲೊಂದರಲ್ಲಿ ಮೈಕಲ್ ಕ್ಯೂಸಾಕ್ ಎಂಬ ಮೇಷ್ಟರೂ ಬೆರಳೆಣಿಕೆಯ ಮಂದಿಯೂ ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಅಲ್ಲಿಂದ ಚರ್ಚಿನ ಒಂದೊಂದು ಪ್ಯಾರಿಷ್‌ಗೆ ಒಂದೊಂದು ಕ್ಲಬ್ ಹುಟ್ಟಿತು. ಇವತ್ತಿಗೂ ಆಟಗಾರನಿಗೆ ಸಂಬಳವಿಲ್ಲ. ಭಾನುವಾರ ಎಂಬತ್ತು ಸಾವಿರ ಜನರ ಮುಂದೆ ಆಲ್-ಐರ್ಲೆಂಡ್ ಫೈನಲ್ ಆಡಿದವನು ಆ ವಾರವೇ ಶಾಲೆಯಲ್ಲಿ ಪಾಠ ಮಾಡುತ್ತಾನೆ, ಹೊಲದಲ್ಲಿ ಹಸು ಕರೆಯುತ್ತಾನೆ. ಹುಟ್ಟಿದ ಕೌಂಟಿಗೇ, ಅಂದರೆ ಜಿಲ್ಲೆಗೇ, ಆಡುವುದು ವಾಡಿಕೆ. ಹರಾಜು ಕೂಗಿ ಆಟಗಾರರನ್ನು ಕೊಳ್ಳುವ ದೇಶದಲ್ಲಿ ಕೂತು ಇದನ್ನು ಬರೆಯುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಹೇಳಲಾರೆ.

ಕೇಸ್‌ಮೆಂಟ್ ಪಾರ್ಕ್ ಬಾಗಿಲು ತೆರೆದದ್ದು 1953ರ ಜೂನ್‌ನಲ್ಲಿ, ಪಶ್ಚಿಮ ಬೆಲ್‌ಫಾಸ್ಟ್‌ನ ಆಂಡರ್ಸನ್ಸ್‌ಟೌನ್‌ನಲ್ಲಿ. ಆ್ಯಂಟ್ರಿಮ್ ಕೌಂಟಿಗೆ ತನ್ನದೆನ್ನುವ ದೊಡ್ಡ ಅಂಗಳ ಸಿಕ್ಕಿತು. ಅದಕ್ಕೆ ಅವರು ಇಟ್ಟ ಹೆಸರು ನೋಡಿ: ರೋಜರ್ ಕೇಸ್‌ಮೆಂಟ್. ಬ್ರಿಟಿಷ್ ಸರ್ಕಾರದ ರಾಜತಾಂತ್ರಿಕನಾಗಿ ಕಾಂಗೋಗೆ ಹೋಗಿ, ರಬ್ಬರಿನ ಆಸೆಗೆ ಬೆಲ್ಜಿಯಂ ದೊರೆ ಲಿಯೋಪೋಲ್ಡನ ಆಡಳಿತ ಅಲ್ಲಿಯ ಜನರನ್ನು ಹೇಗೆ ಹಿಂಸಿಸುತ್ತಿದೆ ಎಂದು ವರದಿ ಬರೆದವನು. ಅದು ಹೊರಬಂದದ್ದು 1904ರಲ್ಲಿ. ಅದೇ ವರ್ಷ ಆ್ಯಂಟ್ರಿಮ್‌ನ ಕಣಿವೆಗಳಲ್ಲಿ ಐರಿಷ್ ಭಾಷೆ, ಹಾಡು, ಹರ್ಲಿಂಗ್ ಎಲ್ಲ ಸೇರಿದ ಮೊದಲ ಜಾತ್ರೆ ನಡೆದಾಗ ಓಡಾಡಿ ದುಡಿದವರಲ್ಲೂ ಇವನಿದ್ದ. ಮುಂದೆ ಪೆರುವಿನ ಪುಟುಮಾಯೊ ಕಾಡಿನ ರಬ್ಬರ್ ಕ್ರೌರ್ಯವನ್ನೂ ಬಯಲಿಗೆಳೆದ. 1911ರಲ್ಲಿ ಅದೇ ಬ್ರಿಟನ್ ಅವನಿಗೆ ಸರ್ ಪದವಿ ಕೊಟ್ಟಿತು. 1916ರ ಏಪ್ರಿಲ್‌ನಲ್ಲಿ, ಐರ್ಲೆಂಡಿನ ಬಂಡಾಯಕ್ಕೆ ಜರ್ಮನಿಯ ನೆರವು ಕೋರಿದ್ದಕ್ಕೆ, ಕೆರಿ ಕೌಂಟಿಯ ಬಾನ್ನಾ ಕಡಲತೀರದ ಹತ್ತಿರ ಅವನನ್ನು ಹಿಡಿಯಿತು. ಆಗಸ್ಟ್ 3ಕ್ಕೆ ಲಂಡನ್ನಿನ ಜೈಲಿನಲ್ಲಿ ನೇಣಿಗೇರಿಸಿತು. ಆ್ಯಂಟ್ರಿಮ್‌ನ ಮರ್ಲಾ ಕಡಲ ಕೊಲ್ಲಿಯಲ್ಲಿ ನನ್ನನ್ನು ಹೂಳಿ ಎಂದು ಕೇಳಿಕೊಂಡಿದ್ದ. 1965ರಲ್ಲಿ ಅಸ್ಥಿ ಮರಳಿ ಬಂದದ್ದು ಡಬ್ಲಿನ್ನಿಗೆ, ಆ್ಯಂಟ್ರಿಮ್‌ಗಲ್ಲ. ಆ ಕೌಂಟಿಯಲ್ಲಿ ಅವನಿಗೆ ಸಿಕ್ಕ ದೊಡ್ಡ ಜಾಗವೆಂದರೆ ನಿಮ್ಮ ಮನೆಯ ಹತ್ತಿರದ ಆ ಮೈದಾನವೇ. ಈಗ ಹೇಳಿ, ಬರೀ ಆಟವೇ?

ಹಾಗಂತ ಅಲ್ಲಿ ನಡೆದದ್ದೆಲ್ಲ ಹೂವಿನಂಥದ್ದು ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನ ಜೊತೆ ಇರಬೇಕೋ ಐರ್ಲೆಂಡ್ ಸೇರಬೇಕೋ ಎಂಬ ಗಲಭೆಯ ಕಾಲದಲ್ಲಿ, 1972ರಲ್ಲಿ, ಬ್ರಿಟಿಷ್ ಸೈನ್ಯ ಮೈದಾನವನ್ನೇ ವಶಪಡಿಸಿಕೊಂಡು ಠಿಕಾಣಿ ಹೂಡಿತು. 1988ರ ಮಾರ್ಚ್‌ನಲ್ಲಿ, ಶವಯಾತ್ರೆಯೊಂದರ ನಡುವೆ ಕಾರಿನಲ್ಲಿ ಸಿಕ್ಕಿಕೊಂಡ ಇಬ್ಬರು ಸೈನಿಕರನ್ನು ಗುಂಪು ಇದೇ ಮೈದಾನದೊಳಕ್ಕೆ ಎಳೆದು ತಂದು ಹೊಡೆಯಿತು. ಆಮೇಲೆ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದಿದ್ದ ಐ.ಆರ್.ಎ. ಸಂಘಟನೆ ಹತ್ತಿರದ ಪಾಳುಜಾಗದಲ್ಲಿ ಅವರನ್ನು ಗುಂಡಿಕ್ಕಿ ಕೊಂದಿತು. ಆ ಹೆಸರು ಕೇಳಿದರೆ ಇವತ್ತಿಗೂ ಮುಖ ತಿರುಗಿಸುವವರು ಅದೇ ಊರಿನಲ್ಲಿದ್ದಾರೆ, ಅವರಿಗೂ ಕಾರಣವಿದೆ. ಇದನ್ನು ಮುಚ್ಚಿಟ್ಟು ಮೈದಾನದ ಪರ ವಾದಿಸುವವರನ್ನು ನಾನು ನಂಬುವುದಿಲ್ಲ.

ಈಗ ನಿಮ್ಮ ಹಂಚಿಕೊಳ್ಳುವ ಸಲಹೆ. ಕಿವಿಗೆ ಇಂಪಾಗಿದೆ, ಟೇಪು ಹಿಡಿದು ಅಳೆದರೆ ಬೀಳುತ್ತದೆ. ಫುಟ್ಬಾಲಿನ ದೊಡ್ಡ ಪಂದ್ಯಗಳ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ಗೇಲಿಕ್ ಅಂಗಳಕ್ಕೆ ಕಡಿಮೆಯೆಂದರೂ 130 ಮೀಟರ್ ಉದ್ದ, 80 ಮೀಟರ್ ಅಗಲ ಬೇಕು. ಒಂದೊಂದು ಕಡೆ ಹದಿನೈದು ಜನ. ಹರ್ಲಿಂಗ್‌ನಲ್ಲಿ ಆ್ಯಶ್ ಎಂಬ ಮರದ ಕೋಲಿನಿಂದ ಬೀಸಿದ ಚೆಂಡು ಅರ್ಧ ಮೈದಾನ ದಾಟಿ ಎಚ್ ಆಕಾರದ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟು. ಕೆಳಗಿನ ಬಲೆಗೆ ಹೊಕ್ಕರೆ ಗೋಲು, ಅಂದರೆ ಮೂರು ಪಾಯಿಂಟು. ನೀವು ಹೇಳುವ ಫುಟ್ಬಾಲ್ ಸ್ಟೇಡಿಯಂ ಎಂದರೆ ವಿಂಡ್ಸರ್ ಪಾರ್ಕೇ ಇರಬೇಕು. ಅಲ್ಲಿ ಹಾಗೆ ಬೀಸಿದರೆ ಚೆಂಡು ಹುಡುಕಲು ಪಾರ್ಕಿಂಗ್ ಜಾಗಕ್ಕೆ ಹೋಗಬೇಕು.

ಹಂಚಿಕೊಳ್ಳುವ ಯೋಚನೆ ಯಾರಿಗೂ ಹೊಳೆದಿರಲಿಲ್ಲ ಎಂದುಕೊಂಡಿರಾ? ಹಳೆಯ ಮೇಜ್ ಜೈಲಿನ ಜಾಗದಲ್ಲಿ ಮೂರೂ ಆಟಕ್ಕೆ ಒಂದೇ ಸ್ಟೇಡಿಯಂ ಎಂಬ ಯೋಜನೆ ಹೊರಟಿತು. ಗೇಲಿಕ್‌ನವರು ಹೂಂ ಅಂದಿದ್ದರು. ರಾಜಕಾರಣಿಗಳ ಜಗಳದಲ್ಲಿ ಅದು 2009ರ ಹೊತ್ತಿಗೆ ಮಣ್ಣುಪಾಲಾಯಿತು. ಡಬ್ಲಿನ್ನಿನಲ್ಲಂತೂ, ಲ್ಯಾನ್ಸ್‌ಡೌನ್ ರೋಡ್ ಮೈದಾನವನ್ನು ಕೆಡವಿ ಕಟ್ಟುವಾಗ ರಗ್ಬಿಯವರಿಗೂ ಫುಟ್ಬಾಲಿನವರಿಗೂ ಜಾಗ ಕೊಟ್ಟವರು ಇದೇ ಗೇಲಿಕ್‌ನವರು. ಅದೂ ಎಲ್ಲಿ? 1920ರ ನವೆಂಬರ್ 21ರಂದು ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷರ ಪಡೆ ಗುಂಡು ಹಾರಿಸಿ 14 ಜನ ಸತ್ತ ಕ್ರೋಕ್ ಪಾರ್ಕಿನಲ್ಲಿ. 2007ರ ಫೆಬ್ರವರಿ 24ರಂದು ಇಂಗ್ಲೆಂಡಿನ ರಗ್ಬಿ ತಂಡ ಅಲ್ಲಿಗೇ ಬಂತು. ಅವರ ರಾಷ್ಟ್ರಗೀತೆಗೆ ಜನ ತಣ್ಣಗೆ ಎದ್ದು ನಿಂತರು; ಆಮೇಲೆ 43-13ರಿಂದ ಸೋಲಿಸಿ ಕಳಿಸಿದರು. ಹಂಚಿಕೊಳ್ಳುವ ಪಾಠವನ್ನು ಇವರಿಗೆ ಹೇಳುವ ಮುಂಚೆ ಸ್ವಲ್ಪ ಯೋಚಿಸಿ, ಸ್ವಾಮಿ.

2011ರಲ್ಲಿ ಬೆಲ್‌ಫಾಸ್ಟ್‌ನಲ್ಲಿರುವ ಉತ್ತರ ಐರ್ಲೆಂಡಿನ ಸರ್ಕಾರ ಮೂರು ಆಟಗಳಿಗೂ ಮಾತು ಕೊಟ್ಟಿತು: ರಗ್ಬಿಗೆ ರೇವನ್‌ಹಿಲ್, ಫುಟ್ಬಾಲಿಗೆ ವಿಂಡ್ಸರ್ ಪಾರ್ಕ್, ಗೇಲಿಕ್‌ಗೆ ಕೇಸ್‌ಮೆಂಟ್. ರೇವನ್‌ಹಿಲ್ 2014ರಲ್ಲಿ ಮುಗಿಯಿತು, ವಿಂಡ್ಸರ್ 2016ರಲ್ಲಿ. ಮೂರನೆಯವರ ಪಾಲಿಗೆ ಬಂದದ್ದು ಬೀಗ. ಆ್ಯಂಟ್ರಿಮ್‌ನವರು ಸಣ್ಣದೊಂದು ಕ್ಲಬ್ ಮೈದಾನವಾದ ಕಾರಿಗನ್ ಪಾರ್ಕಿಗೆ ಹೋಗಿ ಆಡಿದರು. ಇತ್ತ ಕೇಸ್‌ಮೆಂಟ್‌ನ ಮೆಟ್ಟಿಲುಗಳ ಸಂದಿನಲ್ಲಿ ಕಳೆ ಎದ್ದಿತು, ಅಂಗಳದಲ್ಲಿ ಪೊದೆ ಬೆಳೆಯಿತು.

ಅಕ್ಕಪಕ್ಕದ ಮನೆಯವರದ್ದೂ ನ್ಯಾಯವಾದ ದೂರೇ. ಹಿತ್ತಲಿಗೆ ಒತ್ತಿಕೊಂಡು 38,000 ಜನರ ಸ್ಟೇಡಿಯಂ ಬರುತ್ತದೆಂದರೆ ಯಾರಿಗೆ ನಿದ್ದೆ ಬಂದೀತು? ಅವರು ಕೋರ್ಟಿಗೆ ಹೋದರು, 2014ರ ಡಿಸೆಂಬರ್‌ನಲ್ಲಿ ಪರವಾನಗಿ ಬಿದ್ದುಹೋಯಿತು. ಮರುವರ್ಷ ಸುರಕ್ಷತಾ ತಜ್ಞರೊಬ್ಬರು ಎದ್ದು, ತುರ್ತು ಹೊತ್ತಿನಲ್ಲಿ ಅಷ್ಟು ಜನ ಹೊರಬರಲು ದಾರಿ ಸಾಲದು ಎಂದರು. ಸರಿಯಾಗಿಯೇ ಹೇಳಿದರು. ಆಮೇಲೆ ಗಾತ್ರ ಇಳಿಸಿ ಹೊಸ ನಕ್ಷೆ ಬರೆದರು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ.

ನನ್ನ ಸಿಟ್ಟು ನೆರೆಯವರ ಮೇಲಲ್ಲ. 2023ರಲ್ಲಿ 2028ರ ಯೂರೋ ಫುಟ್ಬಾಲ್ ಕಪ್ ಬ್ರಿಟನ್ ಮತ್ತು ಐರ್ಲೆಂಡಿಗೆ ಸಿಕ್ಕಿತು, ಕೇಸ್‌ಮೆಂಟ್ ಕೂಡ ಪಟ್ಟಿಯಲ್ಲಿತ್ತು. ಅಲ್ಲಿಯವರೆಗೆ ಕಣ್ಣೆತ್ತಿಯೂ ನೋಡದ ದೊಡ್ಡವರಿಗೆಲ್ಲ ಒಮ್ಮೆಗೇ ಆ ಮೈದಾನದ ಮೇಲೆ ಪ್ರೀತಿ ಉಕ್ಕಿತು. 2024ರ ಸೆಪ್ಟೆಂಬರ್‌ನಲ್ಲಿ ವೆಚ್ಚ 40 ಕೋಟಿ ಪೌಂಡ್ ದಾಟಬಹುದು, ಹೊತ್ತಿಗೆ ಮುಗಿಯುವುದಿಲ್ಲ ಎಂದು ಲಂಡನ್ ಸರ್ಕಾರ ಕೈ ತೊಳೆದುಕೊಂಡಿತು. ಮೊದಲ ಅಂದಾಜು ಎಷ್ಟಿತ್ತು ಗೊತ್ತೇ? 7 ಕೋಟಿ 75 ಲಕ್ಷ. ಕೊಟ್ಟ ಮಾತನ್ನು ಆಗಲೇ ನಡೆಸಿದ್ದರೆ ನೀವು ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ತಡ ಮಾಡಿದವರು ಒಬ್ಬರು, 'ಎಷ್ಟು ದುಬಾರಿ' ಎಂದು ಬೈಸಿಕೊಳ್ಳುವವರು ಇನ್ನೊಬ್ಬರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಗಡಿಯಾಚೆ ಐರ್ಲೆಂಡ್ ಗಣರಾಜ್ಯದ ಡಬ್ಲಿನ್ ಸರ್ಕಾರ 5 ಕೋಟಿ ಯೂರೋ ಕೊಡುತ್ತೇನೆಂದಿತು, 2025ರ ಜೂನ್‌ನಲ್ಲಿ ಲಂಡನ್ ಕೂಡ 5 ಕೋಟಿ ಪೌಂಡ್ ಬಿಚ್ಚಿತು. ಎಲ್ಲ ಕೂಡಿಸಿದರೂ ಲೆಕ್ಕ ತಾಳೆಯಾಗಲಿಲ್ಲ.

ಊರಿನ ಬಯಲನ್ನು ಬಯಲಾಗಿ ನೋಡುವ ಕಣ್ಣೇ ಅಧಿಕಾರದಲ್ಲಿದ್ದವರಿಗೆ ಇಲ್ಲ. ಅವರಿಗೆ ಅದು ಸೈಟು, ಇಲ್ಲವೇ ಭಾಷಣದ ವೇದಿಕೆ. ನಮ್ಮಲ್ಲೂ ಅಷ್ಟೇ: ಮಕ್ಕಳು ಬ್ಯಾಟು ಹಿಡಿದು ಹೋದರೆ ಮೈದಾನದ ಗೇಟಿಗೆ 'ಬುಕಿಂಗ್ ಇದೆ' ಎಂಬ ಬೋರ್ಡು, ಒಳಗೆ ವಸ್ತುಪ್ರದರ್ಶನದ ಶಾಮಿಯಾನ. ಸಮಾವೇಶ ಮುಗಿದ ಮೇಲೆ ಗೂಟ ಕಿತ್ತ ಗುಂಡಿಗಳನ್ನು ಮುಚ್ಚುವವರೂ ಇರುವುದಿಲ್ಲ. ಈ ವಿಷಯ ತೆಗೆದರೆ ನಾನು ನಿಲ್ಲಿಸುವುದಿಲ್ಲ ಎಂದು ನಮ್ಮ ಕಚೇರಿಯವರೆಲ್ಲ ಬಲ್ಲರು, ಆದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಇನ್ನು ನಿಮ್ಮ ಮಗನ ಕೋಲು. ಹರ್ಲಿಂಗ್‌ನಲ್ಲಿ 2010ರಿಂದ ಎಲ್ಲ ವಯಸ್ಸಿನವರಿಗೂ ಮುಖಜಾಲರಿಯಿರುವ ಹೆಲ್ಮೆಟ್ ಕಡ್ಡಾಯ. ಬೆರಳಿಗೆ ಏಟು ಬೀಳಬಹುದು, ಮಂಡಿ ತರಚಬಹುದು. ಅಷ್ಟಕ್ಕೆ ನಮ್ಮ ಕಾಲದ ಚಿನ್ನಿದಾಂಡೂ ಬಿಟ್ಟಿರಲಿಲ್ಲ. ಸೇರಿಸಿ. ಕೋಲನ್ನು ಅಂಗಡಿಯಲ್ಲಿ ಕೊಳ್ಳುವ ಮುಂಚೆ ಕ್ಲಬ್‌ನವರನ್ನು ಕೇಳಿ, ಹುಡುಗನ ಎತ್ತರಕ್ಕೆ ತಕ್ಕ ಅಳತೆ ಅವರಿಗೆ ಗೊತ್ತಿರುತ್ತದೆ.