ಬೆಟ್ಟ ಹತ್ತಿದ ಮೇಲಿನ ಸುಸ್ತು: ಒಂದು ಆಪ್ತಸಲಹೆ ಪ್ರಕರಣ

ಮೈಸೂರಿನ ಕುವೆಂಪುನಗರದಿಂದ ನನ್ನ ಬಳಿಗೆ ಬಂದ ಆ ಪ್ರೌಢಶಾಲಾ ಶಿಕ್ಷಕಿಗೆ ಆಗ 43 ವರ್ಷ. ಗುರುತು ಸಿಗಬಾರದೆಂದು ಬಡಾವಣೆ, ಉದ್ಯೋಗ ಮತ್ತು ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆಯಿದೆ. ಕುರ್ಚಿಯಲ್ಲಿ ಕೂತ ಕೂಡಲೇ ಅವರು ಹೇಳಿದ್ದು ಇಷ್ಟು: "ವ್ಯಾಯಾಮ ಮಾಡಿದರೆ ಮೈಗೆ ಲವಲವಿಕೆ ಬರುತ್ತದೆ ಅಂತಾರೆ ಮೇಡಂ. ನನಗೆ ಇದ್ದದ್ದೂ ಹೋಯಿತು. ನಾನು ಹುಟ್ಟು ಸೋಮಾರಿಯೇ ಇರಬೇಕು."

ಎರಡು ತಿಂಗಳ ಹಿಂದೆ, ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಪರೀಕ್ಷೆಯಲ್ಲಿ, ಅವರ ಎಚ್‌ಬಿಎ1ಸಿ 6.1 ಎಂದು ಬಂದಿತ್ತು. 5.7ರಿಂದ 6.4ರವರೆಗಿನ ಅಂಕಿ ಮಧುಮೇಹದ ಹೊಸ್ತಿಲೆನ್ನುತ್ತಾರಾದ್ದರಿಂದ ದಿನವೂ ನಡೆಯಿರಿ ಎಂದು ವೈದ್ಯರು ಹೇಳಿದ್ದರು. ನಡೆಯಿರಿ ಎಂದದ್ದನ್ನು ಇವರು ಹತ್ತಿರಿ ಎಂದು ಕೇಳಿಸಿಕೊಂಡರು. ಪತಿ ವರ್ಷಗಳಿಂದ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು. ಅವರ ಜೊತೆಗೆ ಇವರೂ ವಾರಕ್ಕೆ ಆರು ದಿನ ಪಾದದಿಂದ ಮೇಲಿನವರೆಗೆ ಸಾವಿರ ಮೆಟ್ಟಿಲು ಹತ್ತತೊಡಗಿದರು. ಮೊದಲೆರಡು ವಾರ ಮೀನಖಂಡ ಹಿಡಿದುಕೊಂಡು ಆಮೇಲೆ ಸರಿಹೋಯಿತು. ಸುಸ್ತು ಮಾತ್ರ ಏರುತ್ತಲೇ ಹೋಯಿತು. ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡಿನಲ್ಲಿ ಮೇಜು ಹಿಡಿದು ನಿಂತು ಪಾಠ ಮಾಡುವುದು, ಸಂಜೆ ಮಗಳ ಮೇಲೆ ರೇಗುವುದು, ರಾತ್ರಿ ಅದಕ್ಕಾಗಿ ಅಳುವುದು ನಿತ್ಯದ ಕಥೆಯಾಯಿತು.

ಹೊಸದಾಗಿ ವ್ಯಾಯಾಮ ಶುರುಮಾಡಿದವರಿಗೆ ಆಯಾಸವಾಗುವುದು ಸಹಜ. ಸ್ನಾಯುನೋವು ಎರಡನೆಯ, ಮೂರನೆಯ ದಿನ ಹೆಚ್ಚಾಗಿ, ವಾರದೊಳಗೆ ಇಳಿಯುತ್ತದೆ. ಹೊರೆ ದೇಹಕ್ಕೆ ತಕ್ಕಷ್ಟಿದ್ದರೆ ಕೆಲವು ವಾರಗಳಲ್ಲಿ ಅದೇ ದಾರಿ ಮೊದಲಿಗಿಂತ ಹಗುರವೆನಿಸಬೇಕು. ಇವರಿಗೆ ಆರನೆಯ ವಾರದ ಹೊತ್ತಿಗೆ ಅದು ಹಿಮ್ಮುಖವಾಗಿತ್ತು. ಅಲ್ಲಿಯೇ ನಾನು ಎಚ್ಚರಗೊಳ್ಳಬೇಕಿತ್ತು. ಬದಲಿಗೆ ನನ್ನ ಕಸುಬಿನ ಅಭ್ಯಾಸದಂತೆ ಮನಸ್ಸಿನ ಕಡೆಗೇ ಹೋದೆ. ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿ ಕೊಟ್ಟೆ. ಅಂಕ ಮಧ್ಯಮ ಮಟ್ಟದಲ್ಲಿತ್ತು. ಆದರೆ ಆ ಅಂಕದ ಹೆಚ್ಚಿನ ಪಾಲು ಸುಸ್ತು, ನಿದ್ದೆ ಮತ್ತು ಏಕಾಗ್ರತೆಯ ಪ್ರಶ್ನೆಗಳಿಂದಲೇ ಬಂದಿತ್ತು. ಮೈಯಲ್ಲಿ ರಕ್ತ ಕಡಿಮೆಯಿದ್ದವರೂ ಅವಕ್ಕೆ ಇದೇ ಉತ್ತರ ಕೊಡುತ್ತಾರೆ.

ಹೊರಡುವಾಗ, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನಾಚಿಕೆಯಿಂದ ಒಂದು ಮಾತು ಹೇಳಿದರು. ಅಕ್ಕಿ ಆರಿಸುವಾಗ ಹಸಿ ಅಕ್ಕಿಯನ್ನು ಬಾಯಿಗೆ ಹಾಕಿಕೊಂಡು ಅಗಿಯುವ ಚಟ ಒಂದು ವರ್ಷದಿಂದ ಹತ್ತಿದೆ, ಅತ್ತೆಗೆ ಗೊತ್ತಾದರೆ ನಗುತ್ತಾರೆ ಎಂದರು. ನಾನು ಅವರನ್ನು ಮತ್ತೆ ಕೂರಿಸಿದೆ. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನಬೇಕೆನ್ನಿಸುವುದು ಎಷ್ಟೋ ಸಲ ಕಬ್ಬಿಣಾಂಶದ ಕೊರತೆಯ ಗುರುತು. ಮುಟ್ಟಿನ ಬಗ್ಗೆ ಕೇಳಿದಾಗ, ಎರಡು ವರ್ಷಗಳಿಂದ ಏಳೆಂಟು ದಿನ ಸ್ರಾವವಾಗುತ್ತದೆ, ಮೊದಲ ಮೂರು ದಿನ ರಾತ್ರಿಯೂ ಎದ್ದು ಪ್ಯಾಡ್ ಬದಲಿಸಬೇಕು ಎಂದರು. "ಈ ವಯಸ್ಸಿಗೆ ಎಲ್ಲರಿಗೂ ಹಾಗೇ ಅಲ್ಲವಾ?" ಎಂದು ನನ್ನನ್ನೇ ಕೇಳಿದರು.

ಪತ್ರ ಬರೆದು ವೈದ್ಯರ ಬಳಿಗೆ ಕಳಿಸಿದೆ. ಹಿಮೋಗ್ಲೋಬಿನ್ 9.2, ಫೆರಿಟಿನ್ 6 ಎಂದು ವರದಿ ಬಂತು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಫೆರಿಟಿನ್ ಎಂದರೆ ದೇಹದ ಕಬ್ಬಿಣದ ಉಗ್ರಾಣದ ಲೆಕ್ಕ, ಅದು 15ಕ್ಕಿಂತ ಕೆಳಗಿದ್ದರೆ ಉಗ್ರಾಣ ಬರಿದಾದಂತೆ. ಥೈರಾಯ್ಡ್ ಸರಿಯಿತ್ತು. ಕೂತು ನಿಂತು ಮಾಡುವ ಕೆಲಸದಲ್ಲಿ ಮರೆಯಾಗಿದ್ದ ಕೊರತೆ ಮೆಟ್ಟಿಲ ಮೇಲೆ ಬಯಲಾಯಿತು, ಏಕೆಂದರೆ ಏರುವ ಸ್ನಾಯುವಿಗೆ ಬೇಕಾದ ಆಮ್ಲಜನಕವನ್ನು ಹೊರುವುದೇ ಹಿಮೋಗ್ಲೋಬಿನ್. ವೈದ್ಯರು ಇನ್ನೊಂದು ಮಾತನ್ನೂ ಹೇಳಿದರಂತೆ: ಕಬ್ಬಿಣದ ಕೊರತೆಯಿದ್ದಾಗ ಎಚ್‌ಬಿಎ1ಸಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಆದ್ದರಿಂದ ರಕ್ತ ಸರಿಹೋದ ಮೇಲೆ ಅದನ್ನು ಮತ್ತೆ ನೋಡಬೇಕು. ಯಾವ ಅಂಕಿಗೆ ಹೆದರಿ ಇವರು ಬೆಟ್ಟ ಹತ್ತಿದರೋ ಆ ಅಂಕಿಯೇ ಪೂರ್ತಿ ನಂಬುವಂತಿರಲಿಲ್ಲ.

ಮಾತ್ರೆ ಬರೆದದ್ದು ವೈದ್ಯರು, ಸ್ರಾವದ ಕಾರಣ ಹುಡುಕಿದ್ದು ಸ್ತ್ರೀರೋಗ ತಜ್ಞರು. ನನ್ನ ಪಾಲಿಗೆ ಉಳಿದದ್ದು ಅವರು ಪದೇ ಪದೇ ಕೇಳುತ್ತಿದ್ದ ಪ್ರಶ್ನೆ: "ನಮ್ಮನೆಯವರೂ ಅದೇ ಬೆಟ್ಟ ಹತ್ತುತ್ತಾರೆ. ಅವರಿಗೇನೂ ಆಗುವುದಿಲ್ಲ, ನನಗೇ ಯಾಕೆ?" ರಕ್ತದ ವರದಿ ಇದಕ್ಕೆ ಅರ್ಧ ಉತ್ತರ ಮಾತ್ರ ಕೊಟ್ಟಿತ್ತು. ಎರಡು ಹಾಳೆ ಕೊಟ್ಟು, ಒಂದರಲ್ಲಿ ತಮ್ಮ ದಿನವನ್ನೂ ಇನ್ನೊಂದರಲ್ಲಿ ಪತಿಯ ದಿನವನ್ನೂ ಗಂಟೆಗಂಟೆಗೆ ಬರೆದು ತರಲು ಹೇಳಿದೆ.

ಪತಿ ಐದೂವರೆಗೆ ಎದ್ದು, ಬೆಟ್ಟ ಹತ್ತಿಳಿದು ಬಂದು, ಪತ್ರಿಕೆ ಹಿಡಿದು ಕಾಫಿ ಕುಡಿದು, ಬಿಸಿ ತಿಂಡಿ ತಿಂದು ಕೆಲಸಕ್ಕೆ ಹೋಗುತ್ತಿದ್ದರು. ಇವರು ಬೆಟ್ಟಕ್ಕೆ ಹೋಗುವ ಮೊದಲೇ ಅಡುಗೆ ಮುಗಿಸಬೇಕೆಂದು ನಾಲ್ಕು ಕಾಲಿಗೆ ಏಳುತ್ತಿದ್ದರು. ಮಲಗುವುದು ಮೊದಲಿನಂತೆ ಹನ್ನೊಂದಕ್ಕೇ. ಬರಿಹೊಟ್ಟೆಗೆ ಕಾಫಿ, ಆಮೇಲೆ ಸಾವಿರ ಮೆಟ್ಟಿಲು, ಎಲ್ಲರಿಗೂ ಬಡಿಸಿದ ಮೇಲೆ ಬಸ್ಸಿಗೆ ಹೊತ್ತಾಯಿತೆಂದು ನಿಂತೇ ಅರ್ಧ ದೋಸೆ. ಸೋಮವಾರ ಮತ್ತು ಶನಿವಾರ ಒಪ್ಪತ್ತು. ಗಂಡನ ವ್ಯಾಯಾಮ ಆರಾಮದ ಹೊತ್ತಿನಿಂದ ಬಂದಿತ್ತು, ಹೆಂಡತಿಯದು ನಿದ್ದೆಯಿಂದ ಬಂದಿತ್ತು. ಗಣಿತದ ಶಿಕ್ಷಕಿಯಾದ್ದರಿಂದ ನಾನು ವಿವರಿಸುವ ಮೊದಲೇ ಅವರು ನಿದ್ದೆಯ ಗಂಟೆಗಳನ್ನು ಕೂಡಿಸಿಬಿಟ್ಟಿದ್ದರು: ಐದೂ ಕಾಲು.

ಮೂರನೆಯ ಭೇಟಿಗೆ ಪತಿಯೂ ಬಂದರು. "ನಾನು ಒಂದು ದಿನವೂ ಬೇಡ ಅಂದವನಲ್ಲ ಮೇಡಂ, ನಾನೇ ಕರೆದುಕೊಂಡು ಹೋದದ್ದು" ಎಂದರು. ಅದು ನಿಜವೇ. ತಪ್ಪು ಹೊರಿಸುವುದಕ್ಕೆ ಕರೆಸಿಲ್ಲವೆಂದು ಹೇಳಿ ಎರಡೂ ಹಾಳೆಗಳನ್ನು ಅವರ ಮುಂದಿಟ್ಟೆ. ಬಹಳ ಹೊತ್ತು ಓದಿದರು. ಕೊನೆಗೆ, "ನಾಲ್ಕು ಕಾಲಿಗೆ ಏಳುತ್ತಾಳೆ ಅಂತ ಗೊತ್ತಿರಲಿಲ್ಲ" ಎಂದರು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಮೆಟ್ಟಿಲು ನಿಲ್ಲಿಸುವುದಾಗಿತ್ತು, ನಡಿಗೆಯನ್ನಲ್ಲ. ವೈದ್ಯರ ಒಪ್ಪಿಗೆ ಪಡೆದು, ಕುಕ್ಕರಹಳ್ಳಿ ಕೆರೆಯ ಸಮತಟ್ಟು ದಾರಿಯಲ್ಲಿ ವಾರಕ್ಕೆ ನಾಲ್ಕು ದಿನ 20 ನಿಮಿಷ, ಜೊತೆಯವರೊಂದಿಗೆ ಮಾತಾಡುತ್ತಾ ನಡೆಯಲಾಗುವಷ್ಟೇ ವೇಗದಲ್ಲಿ ನಡೆಯುವುದೆಂದಾಯಿತು. ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ ವೇಗ ಇಳಿಸಬೇಕು. ವಯಸ್ಕರಿಗೆ ವಾರಕ್ಕೆ 150 ನಿಮಿಷದ ಮಧ್ಯಮ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ತಲುಪಬೇಕಾದ ಗುರಿಯನ್ನು, ಮೊದಲ ವಾರದ ಹೊರೆಯನ್ನಲ್ಲ. ಎದೆ ಬಿಗಿತ, ತಲೆಸುತ್ತಿ ಕಣ್ಣು ಕತ್ತಲಿಡುವುದು, ಕೂತಾಗಲೂ ಎದೆ ಹೊಡೆದುಕೊಳ್ಳುವುದು ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರನ್ನು ಕಾಣಬೇಕೆಂದು ಬರೆದುಕೊಟ್ಟೆ.

ಹೊರಡುವ ಮೊದಲು ಒಂದು ಬಾಳೆಹಣ್ಣು, ಬಂದ ಮೇಲೆ ಕೂತು ತಿಂಡಿ. ಕಬ್ಬಿಣದ ಮಾತ್ರೆಗೂ ಕಾಫಿಗೂ ಎರಡು ಗಂಟೆಯಾದರೂ ಅಂತರವಿರಬೇಕು, ಏಕೆಂದರೆ ಕಾಫಿ, ಟೀ ಕಬ್ಬಿಣ ಹೀರಿಕೆಗೆ ಅಡ್ಡಬರುತ್ತವೆ. ಹುರುಳಿಕಟ್ಟಿನ ಸಾರಿಗೆ, ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ. ಮಾತ್ರೆಯಿಂದ ಮಲ ಕಪ್ಪಾಗುವುದು ಸಾಮಾನ್ಯ, ಹೆದರಿ ನಿಲ್ಲಿಸಬಾರದು ಎಂಬುದನ್ನು ಒತ್ತಿ ಹೇಳಿದೆ. ಒಪ್ಪತ್ತನ್ನು ಬಿಡಿ ಎನ್ನುವುದಕ್ಕೆ ನಾನು ಯಾರು? ರಕ್ತ ಏರುವವರೆಗೆ ದೇವರಲ್ಲಿ ಕೇಳಿಕೊಂಡು ಮುಂದೂಡಬಹುದೇ ಎಂದು ಕೇಳಿದೆ. ಅದಕ್ಕೆ ಒಪ್ಪಿದ್ದಲ್ಲದೆ ಸೊಸೆಯ ಪರವಾಗಿ ಹರಕೆ ಕಟ್ಟಿದವರು ಅತ್ತೆಯೇ.

ಸೋಮಾರಿ ಎಂಬ ಮಾತಿಗೆ ಎರಡು ಭೇಟಿಗಳು ಹಿಡಿದವು. ಓದುವ ಕಾಲದಲ್ಲಿ ಜ್ವರವಿದ್ದು ಮಲಗಿದ್ದಾಗಲೂ ತವರಿನಲ್ಲಿ ಆ ಮಾತು ಕೇಳಿದವರು, ಈಗ ಅದನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ಅದರ ಪಕ್ಕದಲ್ಲಿ ಹಿಂದಿನ ರಾತ್ರಿಯ ನಿದ್ದೆಯ ಗಂಟೆ ಮತ್ತು ಕೊನೆಯ ಊಟದ ಹೊತ್ತನ್ನು ಬರೆಯಲು ಹೇಳಿದೆ. ಮೂರು ವಾರಗಳ ಪುಟಗಳಲ್ಲಿ ಏಳು ಗಂಟೆ ಮಲಗಿದ ಮರುದಿನ ಆ ಪದ ಒಂದೇ ಒಂದು ಸಲ ಬಂದಿತ್ತು.

ಹತ್ತು ವಾರಗಳ ನಂತರ ಹಿಮೋಗ್ಲೋಬಿನ್ 11.7 ಆಗಿತ್ತು. ಉಗ್ರಾಣ ತುಂಬಲು ಮಾತ್ರೆಯನ್ನು ಇನ್ನೂ ಕೆಲವು ತಿಂಗಳು ಮುಂದುವರಿಸಬೇಕೆಂದು ವೈದ್ಯರು ಹೇಳಿದ್ದಾರೆ. ಅಕ್ಕಿ ಅಗಿಯುವ ಆಸೆ ತಾನಾಗಿ ಹೋಯಿತಂತೆ. ಖಿನ್ನತೆಯ ಪ್ರಶ್ನಾವಳಿಯ ಅಂಕವೂ ಇಳಿದಿದೆ. ಉಳಿದಿರುವ ಸ್ವಲ್ಪಕ್ಕಾಗಿ ತಿಂಗಳಿಗೊಮ್ಮೆ ಬರುತ್ತಿದ್ದಾರೆ. ಭಾನುವಾರ ಬೆಟ್ಟದ ಮೆಟ್ಟಿಲ ದಾರಿಯಲ್ಲಿರುವ ನಂದಿ ವಿಗ್ರಹದವರೆಗೆ ಮಾತ್ರ ಹತ್ತಿ, ಅಲ್ಲಿ ಕೂತು, ಪತಿ ಮೇಲಿನಿಂದ ಇಳಿದು ಬರುವುದನ್ನು ಕಾಯುತ್ತಾರೆ. ಕಳೆದ ಸಲ ಹೊಸ ಹಾಳೆಗಳನ್ನು ತಂದಿದ್ದರು: ಇವರು ಏಳುವುದು ಐದೂವರೆಗೆ, ಪತಿಯ ಪತ್ರಿಕೆಯ ಹೊತ್ತು ಕಾಲು ಗಂಟೆಗೆ ಇಳಿದಿದೆ, ಕಾಫಿ ಮತ್ತು ದೋಸೆ ಅವರ ಪಾಲಿಗೆ ಬಂದಿವೆ. ಚಟ್ನಿ ಮಾತ್ರ ಇನ್ನೂ ಇವರ ಹಾಳೆಯಲ್ಲಿಯೇ ಇದೆ.